ಪಿಕಪ್ ವಾಹನದ ನೆಗ್ಗು ಮತ್ತು ತರಚಿದ ಬಣ್ಣ: ದೋಷ ಗುರುತಿಸಿ ಸರಿಪಡಿಸುವ ಕ್ರಮ

ಸರಕು ಸಾಗಿಸುವ ಪಿಕಪ್ ವಾಹನಗಳಲ್ಲಿ ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಎಡಬದಿ. ಚಾಲಕರು ಬಲಬದಿಯಲ್ಲಿ ಕೂರುವುದರಿಂದ, ತೋಟದ ಗೇಟಿನ ಕಲ್ಲುಕಂಬವೋ ಮಂಡಿಯ ಗೋಡೆಯ ಮೂಲೆಯೋ ಎಡಬಾಗಿಲಿನ ಕೆಳಭಾಗಕ್ಕೆ ತಾಗುವ ತನಕ ಅವರ ಗಮನಕ್ಕೆ ಬರುವುದಿಲ್ಲ. ಇಂಥ ಪೆಟ್ಟಿನಲ್ಲಿ ನೆಗ್ಗು ಮತ್ತು ತರಚು ಒಟ್ಟಿಗೇ ಆಗಿರುತ್ತವೆ, ಆದರೆ ಅವೆರಡೂ ಬೇರೆ ಬೇರೆ ದೋಷಗಳು ಮತ್ತು ಅವುಗಳ ಪರೀಕ್ಷೆಯೂ ಬೇರೆ. ಟಿಂಕರಿಂಗ್ ಕೆಲಸ ಕೆಡುವುದು ಹೆಚ್ಚಾಗಿ ಸುತ್ತಿಗೆಯ ತಪ್ಪಿನಿಂದಲ್ಲ, ತಗಡಿಗೆ ಏನಾಗಿದೆ ಎಂಬುದನ್ನು ನೋಡದೆ ಪುಟ್ಟಿ (ತಗ್ಗು ತುಂಬುವ ಲೇಪ) ಮೆತ್ತುವ ಆತುರದಿಂದ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ದುರಸ್ತಿಗಿಂತ ಮೊದಲಿನ ಪರೀಕ್ಷೆಗೆ ಮೀಸಲಾಗಿದೆ. ಉದಾಹರಣೆಯಾಗಿ ಬಿಳಿ ಬಣ್ಣದ ಪಿಕಪ್ ಒಂದರ ಎಡಬಾಗಿಲು, ಮುಂದಿನಿಂದ ಹಿಂದಕ್ಕೆ ಕಂಬಕ್ಕೆ ಉಜ್ಜಿಕೊಂಡು ನೆಗ್ಗಿರುವ ಪ್ರಸಂಗವನ್ನು ಇಟ್ಟುಕೊಂಡಿದ್ದೇನೆ.

ಕೈ ಹಚ್ಚುವ ಮುನ್ನ

ವಿಮೆಯಿಂದ ಹಣ ಪಡೆಯುವ ಉದ್ದೇಶವಿದ್ದರೆ ಏನನ್ನೂ ಬಿಚ್ಚಬಾರದು, ಮೊದಲು ವಿಮೆಯ ಪರವಾಗಿ ಹಾನಿ ಅಳೆಯುವ ಸರ್ವೇಯರ್ ನೋಡಬೇಕು. ಸರಕು ವಾಹನಗಳ ಮಾಲೀಕರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ: ಬಂಪರ್, ಮಡ್‌ಗಾರ್ಡ್, ದೀಪಗಳು ಮತ್ತು ಪೆಟ್ಟು ಬಿದ್ದ ಭಾಗದ ಬಣ್ಣದ ಕೆಲಸಕ್ಕೆ ಪರಿಹಾರ ಸಿಗಬೇಕಾದರೆ ಪಾಲಿಸಿಯಲ್ಲಿ ಐಎಂಟಿ 23 ಎಂಬ ಹೆಚ್ಚುವರಿ ರಕ್ಷಣೆ ಇರಬೇಕು. ಅದಿಲ್ಲದಿದ್ದರೆ ತಗಡಿನ ಕೆಲಸಕ್ಕೆ ಹಣ ಬಂದರೂ ಬಣ್ಣದ ಖರ್ಚು ಕೈಯಿಂದಲೇ ಹೋಗುತ್ತದೆ. ಒಂದು ಬಾರಿ ಪರಿಹಾರ ಪಡೆದರೆ ನೋ ಕ್ಲೈಮ್ ಬೋನಸ್ (ಪರಿಹಾರ ಕೇಳದಿದ್ದರೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ಕೂಡ ಕಳೆದುಹೋಗುವುದರಿಂದ, ಒಂದೇ ಬಾಗಿಲಿನ ಕೆಲಸವಾದರೆ ಎರಡನ್ನೂ ತೂಗಿ ನೋಡುವುದು ಒಳ್ಳೆಯದು.

ಎಡಬದಿಯಲ್ಲಿ ಬರೆಸಿರುವ ಮಾಲೀಕರ ಹೆಸರು, ಖಾಲಿ ತೂಕ, ಹೊರೆ ತೂಕ ಮುಂತಾದ ವಿವರಗಳ ಫೋಟೊವನ್ನು ನೇರವಾಗಿ ಎದುರು ನಿಂತು ತೆಗೆದಿಟ್ಟುಕೊಳ್ಳಿ. ಉಜ್ಜಿದ ಮೇಲೆ ಅಕ್ಷರದ ಅಳತೆ, ಜಾಗ ಯಾವುದೂ ಉಳಿಯುವುದಿಲ್ಲ.

ಬಳಿಕ ವಾಹನವನ್ನು ಸೋಪು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಮೀನು ಸಾಗಿಸುವ ವಾಹನವಾದರೆ ಒಂದು ತೊಳೆತ ಸಾಲದು. ಮೀನಿನ ಪೆಟ್ಟಿಗೆಗಳಿಂದ ಸೋರುವ ಐಸ್ ನೀರಿನಲ್ಲಿ ಉಪ್ಪು ಇರುತ್ತದೆ ಮತ್ತು ಅದು ತುಕ್ಕಿನ ಸಣ್ಣ ಗುಳಿಗಳಲ್ಲಿ ಕೂತು, ಮೇಲೆ ಎಷ್ಟೇ ಒಳ್ಳೆಯ ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಡಿಲೇಪ) ಹೊಡೆದರೂ ಕೆಳಗಿನಿಂದ ಮತ್ತೆ ಗುಳ್ಳೆ ಎಬ್ಬಿಸುತ್ತದೆ. ಮಲ್ಪೆ, ಮಂಗಳೂರು ಕಡೆಯ ವಾಹನಗಳ ಲೋಡ್ ಬಾಡಿಯನ್ನು ಉಜ್ಜುವುದಕ್ಕೆ ಮೊದಲು ಸಿಹಿನೀರಿನಲ್ಲಿ ಹಲವು ಸಲ ತೊಳೆಯಬೇಕು, ಉಜ್ಜಿದ ಮೇಲೆ ಇನ್ನೊಮ್ಮೆ ತೊಳೆದು ಕೂಡಲೇ ಒಣಗಿಸಬೇಕು.

ಪೆಟ್ಟು ತಗಡಿಗೆ ಮಾತ್ರವೇ, ಚೌಕಟ್ಟಿಗೂ ತಾಗಿದೆಯೇ?

ಬಾಗಿಲನ್ನು ಮುಚ್ಚಿ, ಅದರ ಸುತ್ತಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ ಎಂದು ನೋಡಿ, ಬಲಬಾಗಿಲಿನ ಸಂದಿನೊಂದಿಗೆ ಹೋಲಿಸಿ. ಬಾಗಿಲನ್ನು ಮೆಲ್ಲಗೆ ತೆರೆಯುವಾಗ ಅದು ಕೆಳಗೆ ಜಗ್ಗುತ್ತದೆಯೇ, ಮುಚ್ಚುವಾಗ ಲಾಕ್ ಮೇಲೆತ್ತಿ ಕೂರುತ್ತದೆಯೇ, ಗಾಜು ಅರ್ಧದಲ್ಲಿ ಬಿಗಿಯಾಗುತ್ತದೆಯೇ ಎಂಬುದನ್ನು ಗಮನಿಸಿ. ಇವುಗಳಲ್ಲಿ ಒಂದಾದರೂ ಕಂಡರೆ ಹಿಂಜ್ ಅಥವಾ ಹಿಂಜ್ ಕೂತಿರುವ ಕಂಬ ಸರಿದಿದೆ ಎಂದು ಅರ್ಥ, ಅದನ್ನು ಮೊದಲು ಸರಿಪಡಿಸಬೇಕು. ತಗಡು ನೇರ ಮಾಡಿ ಬಣ್ಣ ಹೊಡೆದ ಮೇಲೆ ಬಾಗಿಲನ್ನು ಜಗ್ಗಿ ಕೂರಿಸಲು ಹೋದರೆ ಹೊಸ ಪುಟ್ಟಿ ಬಿರುಕು ಬಿಡುತ್ತದೆ.

ಪೆಟ್ಟು ಲೋಡ್ ಬಾಡಿಯ ಮೂಲೆಗೂ ತಾಗಿದ್ದರೆ, ಕ್ಯಾಬಿನ್ ಮತ್ತು ಲೋಡ್ ಬಾಡಿಯ ನಡುವಿನ ಅಂತರವನ್ನು ಎಡಕ್ಕೂ ಬಲಕ್ಕೂ ಅಳೆಯಿರಿ. ವ್ಯತ್ಯಾಸ ಇದ್ದರೆ ಲೋಡ್ ಬಾಡಿ ಷಾಸಿಯ ಮೇಲೆ ಸರಿದಿರಬಹುದು. ಬೋಲ್ಟ್‌ಗಳ ಸುತ್ತ ಹೊಸದಾಗಿ ಬಣ್ಣ ಕಿತ್ತ ಗುರುತು ಇರುವುದು ಅದರ ಸಾಕ್ಷಿ.

ಬಣ್ಣ ಎಷ್ಟು ಆಳಕ್ಕೆ ಹೋಗಿದೆ?

ತರಚಿನಂತೆ ಕಾಣುವುದೆಲ್ಲ ನಮ್ಮ ವಾಹನದ ಬಣ್ಣ ಹೋಗಿರುವುದಲ್ಲ. ಕಂಬದ ಸುಣ್ಣವೋ ಇನ್ನೊಂದು ವಾಹನದ ಬಣ್ಣವೋ ನಮ್ಮ ಬಣ್ಣದ ಮೇಲೆ ಅಂಟಿಕೊಂಡಿರುವುದೂ ಉಂಟು. ಮೆತ್ತನೆಯ ಬಟ್ಟೆಯಲ್ಲಿ ರಬ್ಬಿಂಗ್ ಕಂಪೌಂಡ್ ಹಾಕಿ ಅಂಗೈಯಗಲ ಜಾಗವನ್ನು ಉಜ್ಜಿದರೆ ಅಂಟಿದ್ದು ಬಿಟ್ಟುಬರುತ್ತದೆ, ನಿಜವಾಗಿ ಕಿತ್ತಿರುವುದು ಹಾಗೆಯೇ ಉಳಿಯುತ್ತದೆ. ಈ ಒಂದು ಪರೀಕ್ಷೆಯಿಂದಲೇ ದುರಸ್ತಿಯ ಜಾಗ ಕೆಲವೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಉಳಿದ ಗೀರುಗಳ ಮೇಲೆ ನೀರು ಸವರಿ. ಒದ್ದೆಯಿರುವಷ್ಟು ಹೊತ್ತು ಗೀರು ಕಾಣದೆ ಹೋಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಮೇಲ್ಪದರದಲ್ಲಷ್ಟೇ ಇದೆ, 2000 ಸಂಖ್ಯೆಯ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ಮತ್ತು ಪಾಲಿಶ್‌ನಿಂದ ಹೋಗುತ್ತದೆ. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ಗೆ ಜಗ್ಗುವುದಿಲ್ಲ, ಅಲ್ಲಿ ಬಣ್ಣ ಹಚ್ಚಲೇಬೇಕು.

ಇನ್ನೂ ಖಚಿತವಾಗಿ ತಿಳಿಯಲು ಗೀರಿನ ಒಂದು ಅಂಚನ್ನು 320 ಸಂಖ್ಯೆಯ ಮರಳು ಕಾಗದದಿಂದ ಇಳಿಜಾರಾಗಿ ಉಜ್ಜಿ ನೋಡಬೇಕು. ಮರದ ಕಾಂಡವನ್ನು ಅಡ್ಡ ಕೊಯ್ದಾಗ ಬಳೆಗಳು ಕಾಣುವಂತೆ ಇಲ್ಲಿ ಪದರಗಳು ಒಂದರ ಒಳಗೊಂದು ತೆರೆದುಕೊಳ್ಳುತ್ತವೆ: ಹೊರಗೆ ಬಿಳಿ, ಅದರೊಳಗೆ ಮೇಲ್ಮೈ ಸಮಮಾಡುವ ಅಡಿಬಣ್ಣವಾದ ಸರ್ಫೇಸರ್‌ನ ಬೂದು, ಅದಕ್ಕೂ ಒಳಗೆ ಕಾರ್ಖಾನೆಯಲ್ಲಿ ವಿದ್ಯುತ್ ಹಾಯಿಸಿ ಕೂರಿಸಿದ ಪ್ರೈಮರ್‌ನ ತೆಳುವಾದ ಗಾಢ ಗೆರೆ, ನಡುವೆ ಹೊಳೆಯುವ ತಗಡು. ಈ ಎಲ್ಲ ಪದರಗಳ ಒಟ್ಟು ದಪ್ಪ ಸುಮಾರು 100ರಿಂದ 130 ಮೈಕ್ರಾನ್ ಮಾತ್ರ. ಬಿಳಿ, ಬೂದು, ಮತ್ತೆ ಬಿಳಿ ಎಂದು ಬಳೆಗಳ ಸಂಖ್ಯೆ ಹೆಚ್ಚಿದ್ದರೆ ವಾಹನಕ್ಕೆ ಮೊದಲೇ ಒಮ್ಮೆ ಬಣ್ಣ ಹೊಡೆಸಿದ್ದಾರೆ. ನಡುವೆ ಹಳದಿ ಅಥವಾ ಗುಲಾಬಿ ಛಾಯೆಯ ದಪ್ಪ ಪಟ್ಟಿ ಕಂಡರೆ ಅದು ಹಳೆಯ ಪುಟ್ಟಿ.

ಹಳೆಯ ಪುಟ್ಟಿಯನ್ನು ಅಯಸ್ಕಾಂತದಿಂದಲೂ ಕಂಡುಹಿಡಿಯಬಹುದು. ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ, ಪೆಟ್ಟಾಗದ ಜಾಗದಿಂದ ನೆಗ್ಗಿನ ಕಡೆಗೆ ನಿಧಾನವಾಗಿ ಜಾರಿಸಿದರೆ, ಕೆಳಗೆ ಪುಟ್ಟಿ ದಪ್ಪಗಿರುವ ಕಡೆ ಹಿಡಿತ ಸಡಿಲವಾಗುವುದು ಕೈಗೇ ತಿಳಿಯುತ್ತದೆ. ಹಳೆಯ ಪುಟ್ಟಿಯ ಮೇಲೆ ಹೊಸ ಪುಟ್ಟಿ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಪೆಟ್ಟಿಗೆ ಅದು ತಗಡಿನಿಂದ ಬಿಟ್ಟಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ಕೆರೆದು ತೆಗೆಯುವುದೇ ಸರಿ.

ಮರುಬಣ್ಣ ಆಗಿದೆ ಎಂದು ತಿಳಿದರೆ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಮರೆಯಾದ ಜಾಗದಲ್ಲಿ ಎನ್.ಸಿ. (ನೈಟ್ರೊಸೆಲ್ಯುಲೋಸ್ ಬಣ್ಣಕ್ಕೆ ಬಳಸುವ) ಥಿನ್ನರ್ ಹಾಕಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಜ್ಜಿ. ಕಾರ್ಖಾನೆಯ ಬಣ್ಣವೂ ಚೆನ್ನಾಗಿ ಗಟ್ಟಿಯಾದ ಪಿ.ಯು. (ಪಾಲಿಯುರೆಥೇನ್) ಬಣ್ಣವೂ ಕರಗುವುದಿಲ್ಲ. ಬಟ್ಟೆಗೆ ಬಣ್ಣ ಹತ್ತಿದರೆ ಅಥವಾ ಬಣ್ಣ ಮೆತ್ತಗಾಗಿ ಸುಕ್ಕಾದರೆ, ಅಲ್ಲಿರುವುದು ಎನ್.ಸಿ. ಇಲ್ಲವೇ ಸಾಧಾರಣ ಎನಾಮೆಲ್. ಅದರ ಮೇಲೆ ಪಿ.ಯು. ಬಣ್ಣ ಹೊಡೆದರೆ ಅಂಚುಗಳಲ್ಲಿ ಸುಕ್ಕು ಏಳುವ ಅಪಾಯ ಹೆಚ್ಚು, ಹಾಗಾಗಿ ಅಂಥ ಬಾಗಿಲಿನ ಬಣ್ಣವನ್ನು ಪೂರ್ತಿ ತೆಗೆಯಬೇಕಾಗುತ್ತದೆ.

ತುಕ್ಕು ಹೊರಗಿನಿಂದಲೋ ಒಳಗಿನಿಂದಲೋ?

ಮಳೆಗಾಲದಲ್ಲಿ ಬಣ್ಣ ಕಿತ್ತ ತಗಡು ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಮೇಲ್ಮೈಯ ತುಕ್ಕು, 80 ಸಂಖ್ಯೆಯ ಕಾಗದಕ್ಕೆ ಹೋಗುತ್ತದೆ. ಹೆದರಬೇಕಾದದ್ದು ಬಾಗಿಲಿನ ಅಡಿಯಂಚಿನ ತುಕ್ಕಿಗೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗಲು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿದರೆ ನೀರು ಒಳಗೇ ನಿಂತು ತಗಡು ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಅಡಿಯಂಚಿನ ಉದ್ದಕ್ಕೂ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಸರಿ, ಚಕ್ಕೆ ಏಳುತ್ತಿದ್ದರೆ ಅಥವಾ ತುದಿ ಒಳಗಿಳಿದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ಬಾಗಿಲು ಅಲ್ಲಲ್ಲಿ ಹೀಗೆ ಹಾಳಾಗಿದ್ದರೆ, ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಬಾಗಿಲನ್ನೇ ಕೊಂಡು ಕೂರಿಸುವುದು ಅಗ್ಗವಾಗಿಯೂ ಬಾಳಿಕೆಯದಾಗಿಯೂ ಇರುತ್ತದೆ.

ನೆಗ್ಗನ್ನು ಓದುವುದು

ಉದ್ದನೆಯ ಟ್ಯೂಬ್‌ಲೈಟ್‌ನ ಪ್ರತಿಬಿಂಬ ಬಾಗಿಲಿನ ಮೇಲೆ ಬೀಳುವಂತೆ ನಿಲ್ಲಿಸಿ, ತಲೆಯನ್ನು ನಿಧಾನವಾಗಿ ಅತ್ತಿತ್ತ ಸರಿಸಿದರೆ, ಬೆಳಕಿನ ಗೆರೆ ಎಲ್ಲಿ ಬಾಗುತ್ತದೆಯೋ ಅಲ್ಲಿ ತಗಡು ಏರಿದೆ ಅಥವಾ ಇಳಿದಿದೆ. ಅಂಗೈಯನ್ನು ಪೂರ್ತಿ ಚಪ್ಪಟೆಯಾಗಿಟ್ಟು ತೆಳುಬಟ್ಟೆಯ ಮೇಲಿನಿಂದ ಸವರುವುದು ಕಣ್ಣಿಗಿಂತಲೂ ಸೂಕ್ಷ್ಮವಾದ ಅಳತೆ. ಇಳಿದ ಜಾಗಕ್ಕೆ ಸೊನ್ನೆ, ಏರಿದ ದಿಬ್ಬಕ್ಕೆ ಗೆರೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ. ನೆಗ್ಗಿದ ಪ್ರತಿಯೊಂದು ಗುಂಡಿಯ ಸುತ್ತಲೂ ಎಲ್ಲೋ ಒಂದು ದಿಬ್ಬ ಇದ್ದೇ ಇರುತ್ತದೆ. ಗುಂಡಿಯನ್ನು ಕೆಳಗೆ ಹಿಡಿದಿಟ್ಟಿರುವುದು ಆ ದಿಬ್ಬವೇ.

ಗುಂಡಿಯ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ತಗಡು ಟಪ್ ಎಂದು ಒಳಹೋಗಿ ಮತ್ತೆ ಹೊರಬಂದರೆ, ತಗಡು ಹಿಗ್ಗಿದೆ ಎಂದು ತೀರ್ಮಾನಿಸಿ ಅದನ್ನು ಬೆಂಕಿಯಿಂದ ಕಾಯಿಸಿ ಕುಗ್ಗಿಸಲು ಹೊರಡುವವರಿದ್ದಾರೆ. ಇಲ್ಲಿಯೇ ಅತಿ ಹೆಚ್ಚು ತಪ್ಪುಗಳಾಗುತ್ತವೆ. ಆ ಸದ್ದಿಗೆ ಎರಡು ಕಾರಣಗಳಿರಬಹುದು: ನಿಜವಾಗಿಯೂ ತಗಡು ಹಿಗ್ಗಿರುವುದು, ಅಥವಾ ಸುತ್ತಲಿನ ಮಡಿಕೆ ಬಿಡಿಸದೆ ಉಳಿದು ನಡುವಿನ ತಗಡನ್ನು ಅಮುಕುತ್ತಿರುವುದು. ಎರಡನೆಯದೇ ಹೆಚ್ಚು ಸಾಮಾನ್ಯ. ಮಡಿಕೆಯನ್ನು ಪೂರ್ತಿ ಬಿಡಿಸಿದ ಮೇಲೂ ಸದ್ದು ಉಳಿದರೆ ಮಾತ್ರ ತಗಡು ಹಿಗ್ಗಿದೆ ಎಂದು ಹೇಳಬೇಕು. ಮೊದಲೇ ಕಾಯಿಸಿ ಕುಗ್ಗಿಸಿದರೆ, ಮಡಿಕೆ ಬಿಟ್ಟ ನಂತರ ತಗಡು ಸಾಲದೆ ಬಂದು ಇಡೀ ಬಾಗಿಲು ಸೊಟ್ಟಗಾಗುತ್ತದೆ.

ಸಕ್ಷನ್ ಕಪ್, ಬಿಸಿನೀರು, ಐಸ್ ಮೊದಲಾದ ಉಪಾಯಗಳು ಮಡಿಕೆಯಿಲ್ಲದ, ಅಗಲವಾದ, ಆಳವಿಲ್ಲದ ನೆಗ್ಗಿಗೆ ಒಮ್ಮೊಮ್ಮೆ ಫಲ ಕೊಡುತ್ತವೆ. ಬಿಸಿನೀರು ಪ್ಲಾಸ್ಟಿಕ್ ಬಂಪರ್‌ಗೆ ಚೆನ್ನಾಗಿ ಒಗ್ಗುತ್ತದೆ. ಕಂಬಕ್ಕೆ ಉಜ್ಜಿ ಮಡಿಕೆ ಬಿದ್ದ ಉಕ್ಕಿನ ತಗಡಿಗೆ ಅವು ಉಪಯೋಗವಿಲ್ಲ.

ತಗಡನ್ನು ನೇರ ಮಾಡುವುದು

ಗಾಜನ್ನು ಪೂರ್ತಿ ಮೇಲೇರಿಸಿ, ಒಳಗಿನ ಹಲಗೆ, ಗಾಜು ತಿರುಗಿಸುವ ಹಿಡಿ ಮತ್ತು ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಚ್ಚಬೇಕು. ಪೆಟ್ಟು ಬಿದ್ದ ಕ್ರಮಕ್ಕೆ ತಿರುಗುಮುರುಗಾಗಿ ಬಿಡಿಸುತ್ತ ಬರುವುದು ಈ ಕೆಲಸದ ಮೂಲನಿಯಮ. ನಮ್ಮ ಪ್ರಸಂಗದಲ್ಲಿ ಕಂಬ ಮುಂದೆ ತಾಗಿ ಹಿಂದಕ್ಕೆ ಉಜ್ಜಿದೆ, ಆದ್ದರಿಂದ ಕೊನೆಗೆ ಮೂಡಿದ ಹಿಂಬದಿಯ ದಿಬ್ಬದಿಂದ ಆರಂಭಿಸಿ ಮುಂದಕ್ಕೆ ಬರಬೇಕು. ಒಳಗಿನಿಂದ ಗುಂಡಿಗೆ ಡಾಲಿಯನ್ನು (ಏಟಿಗೆ ಆನಿಕೆಯಾಗಿ ಹಿಡಿಯುವ ಉಕ್ಕಿನ ಗಟ್ಟಿ) ಒತ್ತಿ ಹಿಡಿದು, ಹೊರಗಿನಿಂದ ದಿಬ್ಬದ ಮೇಲೆ ಹಗುರವಾಗಿ ಬಡಿಯುತ್ತ ಹೋದರೆ, ದಿಬ್ಬ ಇಳಿದಂತೆ ಗುಂಡಿ ತಾನಾಗಿ ಏರುತ್ತದೆ. ಡಾಲಿಯ ಮೇಲೆಯೇ ನೇರವಾಗಿ ಬಲವಾದ ಏಟು ಹಾಕಿದರೆ ತಗಡು ಎರಡರ ನಡುವೆ ಸಿಕ್ಕಿ ತೆಳುವಾಗಿ ಹಿಗ್ಗುತ್ತದೆ. ಹೊರತಗಡಿನ ದಪ್ಪ ಸುಮಾರು 0.7ರಿಂದ 0.8 ಮಿಲಿಮೀಟರ್ ಅಷ್ಟೇ ಎಂಬುದನ್ನು ಕೈ ಮರೆಯಬಾರದು.

ಒಳಗೆ ಅಡ್ಡಪಟ್ಟಿ ಇದ್ದು ಡಾಲಿ ಹೋಗದ ಕಡೆ ವಾಷರ್‌ಗಳನ್ನು ಬೆಸೆದು, ಜಾರುವ ತೂಕದ ಏಟಿನಿಂದ ತಗಡನ್ನು ಹೊರಕ್ಕೆಳೆಯುವ ಸ್ಲೈಡ್ ಹ್ಯಾಮರ್‌ನಿಂದ ಎಳೆಯಬಹುದು. ತಗಡಿಗೆ ತೂತು ಕೊರೆದು ಕೊಕ್ಕೆ ಹಾಕಿ ಎಳೆಯುವ ಹಳೆಯ ಪದ್ಧತಿಯನ್ನು ಬಿಡಬೇಕು. ಆ ತೂತುಗಳ ಮೂಲಕ ಬಾಗಿಲಿನ ಒಳಗಿನ ತೇವ ಪುಟ್ಟಿಯ ಬೆನ್ನಿಗೆ ತಲುಪಿ, ಹೊರಗೆ ಸಾಲಾಗಿ ಗುಳ್ಳೆಗಳು ಏಳುತ್ತವೆ. ಬೆಸುಗೆಗೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ತಗಡಿನ ಹಿಂದೆ ವೈರಿಂಗ್ ಅಥವಾ ಇಂಧನದ ಪೈಪ್ ಇದೆಯೇ ಎಂದು ನೋಡಿಕೊಂಡು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಉದ್ದನೆಯ ಉಕ್ಕಿನ ಸ್ಕೇಲ್ ಇಟ್ಟು ನೋಡಿದಾಗ ಅತಿ ತಗ್ಗಿನ ಜಾಗದಲ್ಲೂ ಸಂದು 2 ಮಿಲಿಮೀಟರ್ ಮೀರಬಾರದು. ದಿಬ್ಬವಂತೂ ಒಂದೂ ಉಳಿಯಬಾರದು, ಏಕೆಂದರೆ ಗುಂಡಿಯನ್ನು ಪುಟ್ಟಿ ತುಂಬೀತು, ದಿಬ್ಬವನ್ನು ಮುಚ್ಚಲು ಇಡೀ ಬಾಗಿಲಿಗೆ ಪುಟ್ಟಿ ಬಳಿಯಬೇಕಾಗುತ್ತದೆ.

ಪುಟ್ಟಿ ಮತ್ತು ಪ್ರೈಮರ್

ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡ್‌ನರ್‌ನ ಪ್ರಮಾಣ ಸಾಮಾನ್ಯವಾಗಿ ತೂಕದ ಶೇಕಡ 2ರ ಆಸುಪಾಸು. ಎಂದರೆ 100 ಗ್ರಾಂ ಪುಟ್ಟಿಗೆ 2 ಗ್ರಾಂ. ಡಬ್ಬಿಯ ಮೇಲೆ ಬೇರೆ ಪ್ರಮಾಣ ಇದ್ದರೆ ಅದನ್ನೇ ಪಾಲಿಸಿ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಹೆಚ್ಚು ಹಾಕಿದರೆ ಉಳಿದ ಪೆರಾಕ್ಸೈಡ್ ಮೇಲಕ್ಕೆ ಹಾಯ್ದು ಕೆಲವು ದಿನಗಳ ಬಳಿಕ ಬಿಳಿ ಬಣ್ಣದಲ್ಲಿ ಹಳದಿ ಕಲೆಯಾಗಿ ಕಾಣುತ್ತದೆ. ಕಡಿಮೆ ಹಾಕಿದರೆ ಪುಟ್ಟಿ ಎಂದಿಗೂ ಗಟ್ಟಿಯಾಗದೆ ಕಾಗದಕ್ಕೆ ಅಂಟುತ್ತದೆ. ಹಾರ್ಡ್‌ನರ್‌ನ ಬಣ್ಣದ ಎಳೆಗಳು ಒಂದೂ ಕಾಣದಂತೆ ಕಲಸಬೇಕು, ಮೊದಲ ತೆಳುಪದರವನ್ನು ತಗಡಿಗೆ ಬಲವಾಗಿ ಒತ್ತಿ ಎಳೆಯಬೇಕು. ಬೇಸಿಗೆಯ ಮಧ್ಯಾಹ್ನ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ಬೇಕಾದಷ್ಟನ್ನೇ ಕಲಸಿಕೊಳ್ಳಿ.

ನೀರು ಹಾಕಿ ಪುಟ್ಟಿ ಉಜ್ಜುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ವ್ಯಾಪಕವಾಗಿದೆ. ಧೂಳು ಏಳುವುದಿಲ್ಲ ಎಂಬುದು ನಿಜ, ಆದರೆ ಈ ಪುಟ್ಟಿ ನೀರನ್ನು ಹೀರಿಕೊಳ್ಳುತ್ತದೆ ಮತ್ತು ಹೀರಿದ ನೀರು ಬಣ್ಣದ ಕೆಳಗೆ ಸಿಕ್ಕಿಬೀಳುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಚಪ್ಪಟೆ ಹಲಗೆಗೆ ಕಾಗದ ಸುತ್ತಿ, 80, 120, 180, 320 ಎಂಬ ಕ್ರಮದಲ್ಲಿ ಒಣಗಿದಂತೆಯೇ ಉಜ್ಜುವುದು ಸರಿ. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನಷ್ಟೇ ಅಗಲದ ತಗ್ಗುಗಳು ಬೀಳುತ್ತವೆ, ಅವು ಪ್ರೈಮರ್‌ನಲ್ಲಿ ಕಾಣದೆ ಬಣ್ಣದ ಹೊಳಪಿನಲ್ಲಿ ಎದ್ದು ಕಾಣುತ್ತವೆ.

ಉಜ್ಜುವಾಗ ತೆರೆದುಕೊಂಡ ತಗಡಿಗೆಲ್ಲ ಎಪಾಕ್ಸಿ ಪ್ರೈಮರ್, ಅದರ ಮೇಲೆ ಸರ್ಫೇಸರ್ ಎರಡು ಮೂರು ಕೋಟ್. ಒಂದು ಕೋಟಿನ ಥಿನ್ನರ್ ಆರುವ ಮುನ್ನ ಇನ್ನೊಂದನ್ನು ಹೊಡೆಯಬಾರದು. ಸರ್ಫೇಸರ್ ಮೇಲೆ ಕಪ್ಪು ಬಣ್ಣವನ್ನು ತೆಳುವಾಗಿ ಸಿಂಪಡಿಸಿ 600 ಸಂಖ್ಯೆಯ ಕಾಗದದಿಂದ ಉಜ್ಜಿದರೆ, ಕಪ್ಪು ಉಳಿದ ಜಾಗವೇ ತಗ್ಗು ಎಂದು ತಿಳಿಯುತ್ತದೆ.

ಬಣ್ಣ ಮತ್ತು ಹವೆ

ಬಿಳಿ ಎಂದರೆ ಒಂದೇ ಬಣ್ಣವಲ್ಲ. ವಾಹನದ ಮೇಲಿರುವ ಬಣ್ಣದ ಸಂಕೇತವನ್ನು ಅಂಗಡಿಗೆ ಕೊಟ್ಟು ಬೆರೆಸಿಸಿದರೂ, ಬಿಸಿಲಿಗೆ ಮಾಸಿದ ಹಳೆಯ ಬಾಗಿಲಿನ ಪಕ್ಕ ಅದು ಬೇರೆಯಾಗಿ ಕಾಣಬಹುದು. ಸಣ್ಣ ತಗಡಿನ ತುಂಡಿಗೆ ಹೊಡೆದು ಒಣಗಿಸಿ, ಬಯಲಿನ ಬೆಳಕಿನಲ್ಲಿ ಹೋಲಿಸಿ ನೋಡಿದ ಮೇಲೆಯೇ ಮುಂದುವರಿಯಿರಿ. ತೇಪೆಯಂತೆ ನಡುವೆ ನಿಲ್ಲಿಸದೆ, ಬಾಗಿಲಿನ ಉಬ್ಬುಗೆರೆಯವರೆಗೆ ಅಥವಾ ಇಡೀ ಬಾಗಿಲಿಗೆ ಹೊಡೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ.

ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ತೊಂದರೆ ತಪ್ಪಿದ್ದಲ್ಲ. ಎನ್.ಸಿ. ಬಣ್ಣ ಹೊಡೆದ ಕೂಡಲೇ ಹಾಲಿನಂತೆ ಮಂಜುಗಟ್ಟಿದರೆ, ಥಿನ್ನರ್ ಆವಿಯಾಗುವಾಗ ತಂಪಾದ ಮೇಲ್ಮೈಯಲ್ಲಿ ಗಾಳಿಯ ತೇವ ಕೂತಿದೆ ಎಂದು ತಿಳಿಯಬೇಕು. ನಿಧಾನವಾಗಿ ಆರುವ ಥಿನ್ನರ್ ಬಳಸಿ, ಮಳೆ ಬಿಟ್ಟ ಬೆಚ್ಚಗಿನ ಹೊತ್ತಿನಲ್ಲಿ ಹೊಡೆಯುವುದು ಪರಿಹಾರ.

ಪಿ.ಯು. ಬಣ್ಣದ ಹಾರ್ಡ್‌ನರ್‌ನಲ್ಲಿ ಐಸೊಸೈಯನೇಟ್ ಇರುತ್ತದೆ. ಅದರ ಮಂಜು ಶ್ವಾಸಕೋಶಕ್ಕೆ ಸೇರಿದರೆ ಮುಂದೆ ಅಲ್ಪ ಪ್ರಮಾಣಕ್ಕೂ ಉಸಿರು ಕಟ್ಟುವಂಥ ಅಸ್ತಮಾ ಬರಬಹುದು. ಬಟ್ಟೆ ಕಟ್ಟಿಕೊಂಡರೆ ಅಥವಾ ಧೂಳಿನ ಮಾಸ್ಕ್ ಹಾಕಿಕೊಂಡರೆ ಇದಕ್ಕೆ ಯಾವ ತಡೆಯೂ ಇಲ್ಲ. ಹೊರಗಿನ ಶುದ್ಧ ಗಾಳಿ ಬರುವ ಮುಖವಾಡ ಇಲ್ಲದವರು ಪಿ.ಯು. ಸಿಂಪಡಣೆಯನ್ನು ಸ್ವತಃ ಮಾಡದೆ ಸೌಕರ್ಯವಿರುವ ಬೂತ್‌ಗೆ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಾಗಿಲನ್ನು ಕಳಚಿ ಕೊಟ್ಟರೆ ಖರ್ಚೂ ಕಡಿಮೆ.

ಬಣ್ಣ ಹೊಡೆದ ಮೇಲೆ ಕಾಣುವ ದೋಷಗಳು

ಬಣ್ಣ ಸುಲಿದು ಬರುತ್ತಿದ್ದರೆ ಚಕ್ಕೆಯನ್ನು ಎತ್ತಿ ಅದರ ಹಿಂಬದಿಯನ್ನು ನೋಡಿ. ಹಿಂಬದಿ ಬೂದಾಗಿದ್ದು ಕೆಳಗೆ ಹೊಳೆಯುವ ತಗಡು ಕಂಡರೆ, ತಗಡನ್ನು ಉಜ್ಜಿ ಎಣ್ಣೆಯಂಶ ತೆಗೆಯುವುದರಲ್ಲಿ ಲೋಪವಾಗಿದೆ. ಹಿಂಬದಿ ಬಿಳಿಯಾಗಿದ್ದು ಕೆಳಗೆ ಹೊಳಪಿನ ಹಳೆಯ ಬಣ್ಣ ಕಂಡರೆ, ಹಳೆಯ ಬಣ್ಣವನ್ನು ಉಜ್ಜದೆ ಹೊಡೆದಿದ್ದಾರೆ. ಗುಳ್ಳೆಯಿದ್ದರೆ ಒಂದನ್ನು ಸೂಜಿಯಿಂದ ಒಡೆಯಿರಿ. ಒಳಗೆ ಸ್ವಚ್ಛ ನೀರಿದ್ದರೆ ಪುಟ್ಟಿಯಲ್ಲೋ ಕಂಪ್ರೆಸರ್ ಗಾಳಿಯಲ್ಲೋ ತೇವ ಉಳಿದಿತ್ತು, ಕಂದು ಕಂಡರೆ ತುಕ್ಕು ಮತ್ತೆ ಎದ್ದಿದೆ.

ಬಣ್ಣ ಹೊಡೆಯುವಾಗಲೇ ಮೀನಿನ ಕಣ್ಣಿನಾಕಾರದ ಗುಳಿಗಳು ಬಿದ್ದರೆ ಅದಕ್ಕೆ ಎಣ್ಣೆ ಅಥವಾ ಸಿಲಿಕೋನ್ ಕಾರಣ. ಡ್ಯಾಶ್‌ಬೋರ್ಡ್ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುವುದುಂಟು, ಅವನ್ನು ಬಣ್ಣ ಹೊಡೆಯುವ ಜಾಗದಿಂದ ದೂರವಿಡಿ. ಕಂಪ್ರೆಸರ್‌ನ ಗಾಳಿಯನ್ನು ಸ್ವಚ್ಛ ಕನ್ನಡಿಯ ಮೇಲೆ ಒಂದು ನಿಮಿಷ ಬಿಟ್ಟರೆ ಎಣ್ಣೆಯೋ ನೀರೋ ಬರುತ್ತಿರುವುದು ಸ್ಪಷ್ಟವಾಗುತ್ತದೆ. ಕೆಲವು ವಾರಗಳ ಬಳಿಕ ಪುಟ್ಟಿಯ ಅಂಚು ಗೆರೆಯಾಗಿ ಮೂಡಿದರೆ ಸರ್ಫೇಸರ್ ಆರುವ ಮೊದಲೇ ಬಣ್ಣ ಹೊಡೆದಿದ್ದರ ಫಲ ಅದು. ಪೂರ್ತಿ ಗಟ್ಟಿಯಾಗಲು ಬಿಟ್ಟು, ಮತ್ತೆ ಮಟ್ಟಸವಾಗಿ ಉಜ್ಜಿ ಬಣ್ಣ ಹೊಡೆಯಬೇಕು. ಕಿತ್ತಳೆ ಸಿಪ್ಪೆಯಂಥ ತರಿ ಮಾತ್ರ ಸಣ್ಣ ದೋಷ, 1500 ಮತ್ತು 2000 ಸಂಖ್ಯೆಯ ವಾಟರ್ ಪೇಪರ್ ಹಾಗೂ ಕಂಪೌಂಡ್‌ನಿಂದ ಸರಿಹೋಗುತ್ತದೆ.

ಒಳಗಿನ ಹಲಗೆ ಕೂರಿಸುವ ಮುನ್ನ, ಸುತ್ತಿಗೆ ಮತ್ತು ಬೆಸುಗೆಯಿಂದ ಒಳಬದಿಯಲ್ಲಿ ಸುಟ್ಟ ಅಥವಾ ಉದುರಿದ ಬಣ್ಣದ ಜಾಗಕ್ಕೆಲ್ಲ ಎಪಾಕ್ಸಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಿ. ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಅಂಟಿಸದೆ ಬಿಟ್ಟರೆ ಮೊದಲ ಮಳೆಗೇ ಕ್ಯಾಬಿನ್‌ನೊಳಗೆ ನೀರು ಬರುತ್ತದೆ. ಲೋಡ್ ಬಾಡಿಗೂ ಬಣ್ಣ ಹೊಡೆದಿದ್ದರೆ ಬದಿಗೆ ಹಳದಿ, ಹಿಂದಕ್ಕೆ ಕೆಂಪು ಪ್ರತಿಫಲನ ಪಟ್ಟಿಗಳನ್ನು ಬಣ್ಣ ಚೆನ್ನಾಗಿ ಗಟ್ಟಿಯಾದ ಮೇಲೆ ಹೊಸದಾಗಿ ಅಂಟಿಸಬೇಕು, ಫಿಟ್‌ನೆಸ್ ತಪಾಸಣೆಯಲ್ಲಿ ಅವನ್ನು ನೋಡುತ್ತಾರೆ. ಕೊನೆಗೆ ಗಾಜಿನ ಸಂದಿಯಿಂದ ಒಂದು ಚೊಂಬು ನೀರು ಸುರಿದು, ಅದು ಬಾಗಿಲಿನ ತಳದ ತೂತುಗಳಿಂದ ತಡವಿಲ್ಲದೆ ಹೊರಬರುತ್ತದೆಯೇ ಎಂದು ನೋಡಿ. ಬಾರದಿದ್ದರೆ ತೂತುಗಳಿಗೆ ಮೇಣವೋ ಬಣ್ಣವೋ ಕಟ್ಟಿಕೊಂಡಿದೆ, ತೆಳ್ಳಗಿನ ತಂತಿಯಿಂದ ಬಿಡಿಸಿ ಮತ್ತೊಮ್ಮೆ ನೀರು ಸುರಿದು ನೋಡಬೇಕು.